ಜೀವಜಗತ್ತಿನಲ್ಲಿ ಗುರಿ

ಜೀವಿಗಳಿಗೆ, ಅವುಗಳ ಅಂಗಗಳಿಗೆ, ಜೀವವಿಕಾಸಕ್ಕೆ ಗುರಿ ಎಂಬುದು ಇದೆಯೇ ಎನ್ನುವುದು ಜೀವಶಾಸ್ತ್ರವೂ ತತ್ತ್ವಶಾಸ್ತ್ರವೂ ಕೂಡಿ ಹೊತ್ತಿರುವ ಹಳೆಯ ಪ್ರಶ್ನೆ. ಕೇಳುವಾಗ ಒಂದೇ ಅನ್ನಿಸಿದರೂ ಅದರೊಳಗೆ ಮೂರು ಪ್ರಶ್ನೆಗಳಿವೆ. ಕಡ್ಡಿ ಕಚ್ಚಿಕೊಂಡು ಹಾರುವ ಕಾಗೆಗೆ ಗೂಡು ಕಟ್ಟುವ ಗುರಿ ಇದೆಯೇ? ಕಾಗೆಗೆ ರೆಕ್ಕೆ ಇರುವುದು ಹಾರುವುದಕ್ಕೇ ಎನ್ನಬಹುದೇ? ಕಾಗೆಯ ಪೂರ್ವಜರು ಕೋಟ್ಯಂತರ ವರ್ಷ ಬದಲಾಗುತ್ತ ಬಂದದ್ದು ಕೊನೆಗೆ ಕಾಗೆಯಾಗಬೇಕೆಂದೇ? ಮೊದಲನೆಯದಕ್ಕೆ ಹೌದು ಎನ್ನಬಹುದು. ಎರಡನೆಯದಕ್ಕೂ, ‘ಹಾರುವುದಕ್ಕೆ’ ಎಂಬ ಮಾತನ್ನು ಬಿಡಿಸಿ ನೋಡಿದ ಮೇಲೆ, ಹೌದು ಎನ್ನಬಹುದು. ಮೂರನೆಯದಕ್ಕೆ ಇಲ್ಲ ಎನ್ನಬೇಕು. ಈ ವಿಷಯದಲ್ಲಿ ಹುಟ್ಟಿರುವ ಜಗಳಗಳಲ್ಲಿ ಬಹುಪಾಲು ಈ ಮೂರನ್ನು ಒಂದರೊಳಗೊಂದು ಬೆರೆಸಿದ್ದರಿಂದ ಹುಟ್ಟಿದವು.

ಕೇರಳದ ಕೊಚ್ಚಿ ಮತ್ತು ತಿರುವನಂತಪುರಗಳ ಆಸುಪಾಸಿನಲ್ಲಿ ಈ ಪ್ರಶ್ನೆಗೆ ಗಟ್ಟಿಯಾದ ನಿದರ್ಶನಗಳು ಸಿಗುತ್ತವೆ: ಪೆರಿಯಾರ್ ದಂಡೆಯ ಕಾಲಡಿಯಲ್ಲಿ ಹುಟ್ಟಿದರೆಂದು ನಂಬಲಾದ ತತ್ತ್ವಜ್ಞಾನಿಯ ಆಕ್ಷೇಪ, ತಿರುವನಂತಪುರದಲ್ಲಿ ತಯಾರಾದ ಹೃದಯದ ಕವಾಟ, ಮುರಕಲ್ಲಿನ ಬಾವಿಗಳಲ್ಲಿ ಬದುಕುವ ಕುರುಡು ಮೀನು.

ಪದಗಳೊಳಗಿನ ಗುರಿ

ಕನ್ನಡದಲ್ಲಿ ‘ಜೀವವಿಕಾಸ’ ಎನ್ನುತ್ತೇವೆ. ವಿಕಾಸವೆಂದರೆ ಅರಳುವುದು. ಮೊಗ್ಗು ಅರಳಿದರೆ ಹೂವೇ ಆಗುತ್ತದೆ, ಬೇರೆ ಏನೂ ಆಗುವುದಿಲ್ಲ. ಏನಾಗಬೇಕೆಂಬುದು ಮೊಗ್ಗಿನಲ್ಲೇ ಮಡಚಿಕೊಂಡಿರುತ್ತದೆ. ಹಾಗಾಗಿ ಕನ್ನಡದ ಓದುಗ ಈ ಪದವನ್ನು ಕೇಳಿದ ಕ್ಷಣದಲ್ಲೇ ಒಂದು ಗುರಿಯನ್ನೂ ಕೇಳಿಸಿಕೊಂಡಿರುತ್ತಾನೆ. ಮಲಯಾಳಂನಲ್ಲಿ ಇದೇ ವಿಷಯಕ್ಕೆ ‘ಪರಿಣಾಮಂ’ ಎಂಬ ಪದವಿದೆ. ನಮಗೆ ಪರಿಣಾಮವೆಂದರೆ ಫಲ. ಮಲಯಾಳಿಗಳು ಉಳಿಸಿಕೊಂಡಿರುವುದು ಸಾಂಖ್ಯ ದರ್ಶನದ ಹಳೆಯ ಅರ್ಥವನ್ನು, ಹಾಲು ಮೊಸರಾಗುವಂತೆ ಒಂದು ಇನ್ನೊಂದಾಗಿ ಮಾರ್ಪಡುವುದನ್ನು. ಡಾರ್ವಿನ್ನನ ಆಶಯಕ್ಕೆ ಮಲಯಾಳಂ ಪದವೇ ಹತ್ತಿರ ಎಂದು ಹೇಳಬೇಕಾಗುತ್ತದೆ. ಇಂಗ್ಲಿಷಿನ ‘ಎವಲ್ಯೂಷನ್’ ಕೂಡ ಮೂಲದಲ್ಲಿ ಸುರುಳಿ ಬಿಚ್ಚುವುದು ಎಂಬರ್ಥದ್ದೇ. ಡಾರ್ವಿನ್ 1859ರ ‘ಆರಿಜಿನ್ ಆಫ್ ಸ್ಪೀಶೀಸ್’ನ ಮೊದಲ ಮುದ್ರಣದಲ್ಲಿ ಆ ನಾಮಪದವನ್ನು ಬಳಸಲೇ ಇಲ್ಲ. ಅದರ ಕ್ರಿಯಾರೂಪ ಮಾತ್ರ ಪುಸ್ತಕದ ಕಟ್ಟಕಡೆಯ ಪದವಾಗಿ ಬರುತ್ತದೆ. ಆತ ಹೇಳುತ್ತಿದ್ದುದು ಮಾರ್ಪಾಟಿನೊಂದಿಗೆ ಸಾಗುವ ವಂಶಾವಳಿ ಎಂದು.

ಕನ್ನಡದ ವ್ಯಾಕರಣವೂ ಇಲ್ಲೊಂದು ಸೂಕ್ಷ್ಮವನ್ನು ಕಾಯ್ದುಕೊಂಡಿದೆ. ‘ಹಾರಲು ರೆಕ್ಕೆ’ ಎನ್ನುವುದು ಒಂದು, ‘ಹಾರಲೆಂದು ರೆಕ್ಕೆ’ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ‘ಎಂದು’ ಇದೆ, ಅಂದರೆ ‘ಎನ್ನು’ ಎಂಬ ಧಾತು ಇದೆ. ಯಾರೋ ‘ಹಾರಲಿ’ ಎಂದಿದ್ದಾರೆ, ಇಲ್ಲವೇ ಅಂದುಕೊಂಡಿದ್ದಾರೆ. ಗೂಡು ಕಟ್ಟಲೆಂದು ಕಾಗೆ ಕಡ್ಡಿ ತಂದಿತು ಎಂದರೆ ಅಂದುಕೊಳ್ಳಲು ಕಾಗೆಯಾದರೂ ಇದೆ. ಹಾರಲೆಂದು ರೆಕ್ಕೆ ಬಂತು ಎಂದರೆ ಅಂದುಕೊಂಡವರು ಯಾರು? ಈ ಲೇಖನದ ಉದ್ದಕ್ಕೂ ನೋಡಬೇಕಾದದ್ದು ಆ ‘ಎಂದು’ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನೇ.

ಕಾಲಡಿಯ ಆಕ್ಷೇಪ

ಕೊಚ್ಚಿಯಿಂದ ಸುಮಾರು 40 ಕಿ.ಮೀ. ದೂರದ ಕಾಲಡಿ ಪರಂಪರೆಯ ಪ್ರಕಾರ ಶಂಕರಾಚಾರ್ಯರ ಜನ್ಮಸ್ಥಳ. ಶೃಂಗೇರಿಯ 33ನೆಯ ಜಗದ್ಗುರು ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು 1910ರಲ್ಲಿ ಅಲ್ಲಿ ದೇವಾಲಯಗಳನ್ನು ಪ್ರತಿಷ್ಠಾಪಿಸಿದ್ದರಿಂದ ಆ ಊರು ಕನ್ನಡಿಗರಿಗೆ ಹೊಸದಲ್ಲ. ಗುರಿಯ ಪ್ರಶ್ನೆಯನ್ನು ಭಾರತದಲ್ಲಿ ಅತ್ಯಂತ ಹರಿತವಾಗಿ ಎತ್ತಿದ ಚರ್ಚೆಯೊಂದು ಶಂಕರರ ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿದೆ.

ಎದುರಾಳಿ ಸಾಂಖ್ಯ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಹೇಳುವಂತೆ ಪ್ರಕೃತಿ ಜಡ, ಅದಕ್ಕೆ ಅರಿವಿಲ್ಲ. ಆದರೂ ಅದು ಪುರುಷನ, ಅಂದರೆ ಅರಿವುಳ್ಳ ಆತ್ಮದ, ಬಿಡುಗಡೆಗಾಗಿ ಕೆಲಸ ಮಾಡುತ್ತದೆ. ಅರಿವಿಲ್ಲದ್ದು ಇನ್ನೊಬ್ಬರಿಗಾಗಿ ಹೇಗೆ ದುಡಿದೀತು? ಅದಕ್ಕೆ ಸಾಂಖ್ಯರು ಕೊಡುವ ದೃಷ್ಟಾಂತ ಹಾಲು. ಹಾಲಿಗೆ ಏನೂ ಗೊತ್ತಿಲ್ಲ, ಆದರೂ ಕರು ಬೆಳೆಯಲಿ ಎಂಬಂತೆ ಅದು ಸುರಿಯುತ್ತದೆ. ಶಂಕರರು ಈ ದೃಷ್ಟಾಂತವನ್ನೇ ಹಿಡಿದು ನಿಲ್ಲಿಸುತ್ತಾರೆ. ಹಾಲು ತಾನಾಗಿ ಸುರಿಯುವುದಿಲ್ಲ. ಹಸುವಿದೆ, ಅದಕ್ಕೆ ಕರುವಿನ ಮೇಲೆ ಮಮತೆಯಿದೆ, ಕರು ಕೆಚ್ಚಲನ್ನು ಚೀಪುತ್ತದೆ. ಹುಲ್ಲು ಸ್ವಭಾವದಿಂದಲೇ ಹಾಲಾಗುತ್ತದೆ ಎಂದರೆ ಎತ್ತು ತಿಂದ ಹುಲ್ಲೂ ಹಾಲಾಗಬೇಕಿತ್ತು. ಅರಿವಿಲ್ಲದ ಕಡೆ ಗುರಿಯನ್ನು ಕಂಡರೆ, ಅರಿವುಳ್ಳ ಯಾರೋ ಹತ್ತಿರದಲ್ಲೇ ಇರಬೇಕು ಎಂಬುದು ಅವರ ವಾದದ ತಿರುಳು. ಜಗತ್ತಿನ ರಚನೆಯ ಹಿಂದೆ ಚೇತನವಿದೆ ಎಂದು ಸಾಧಿಸಲು ಅವರು ಇದನ್ನು ಬಳಸುತ್ತಾರೆ.

ಇಷ್ಟೇ ಆಗಿದ್ದರೆ ಅದು ವಿಲಿಯಂ ಪೇಲಿ 1802ರಲ್ಲಿ ಮುಂದಿಟ್ಟ ಗಡಿಯಾರ ಮತ್ತು ಗಡಿಯಾರ ಮಾಡಿದವನ ವಾದದ ಸೋದರವಾಗಿರುತ್ತಿತ್ತು. ಆದರೆ ಅದೇ ಅಧ್ಯಾಯದ ಮೊದಲ ಪಾದದಲ್ಲಿ ಶಂಕರರು ಪೇಲಿ ಎಂದೂ ಇಡದ ಹೆಜ್ಜೆಯೊಂದನ್ನು ಇಟ್ಟಿದ್ದಾರೆ. ಆ ಚೇತನಕ್ಕಾದರೂ ಸೃಷ್ಟಿಯಿಂದ ಆಗಬೇಕಾದ ಪ್ರಯೋಜನವೇನು? ಪ್ರಯೋಜನವಿದೆ ಎಂದರೆ ಅದಕ್ಕೊಂದು ಕೊರತೆ ಇದೆ ಎಂದಾಯಿತು. ಆದ್ದರಿಂದ ಸೃಷ್ಟಿ ಪ್ರಯೋಜನವನ್ನು ಬಯಸಿ ಆದದ್ದಲ್ಲ, ಅದು ಲೀಲೆ. ಯಾವ ಹೊರಗಿನ ಫಲವನ್ನೂ ಲೆಕ್ಕಿಸದೆ ಉಸಿರು ತಾನಾಗಿ ಒಳಹೊರಗೆ ಆಡುವಂತೆ, ಎಂಬ ಹೋಲಿಕೆಯನ್ನು ಅವರು ಕೊಡುತ್ತಾರೆ. ಇದನ್ನು ಡಾರ್ವಿನ್ನನಿಗೆ ಮುನ್ಸೂಚನೆ ಎಂದು ಓದುವುದು ತಪ್ಪು. ಆದರೆ ಗುರಿಯಿಲ್ಲದೆಯೂ ಅಚ್ಚುಕಟ್ಟಾದ ಜಗತ್ತು ಇರಬಹುದು ಎಂಬ ಕಲ್ಪನೆ ನಮ್ಮ ಚಿಂತನೆಗೆ ಹೊರಗಿನಿಂದ ಬಂದದ್ದಲ್ಲ ಎಂಬುದಕ್ಕೆ ಈ ಭಾಗ ಸಾಕ್ಷಿ.

ಸಾಂಖ್ಯರ ಹಾಲಿಗೂ ಶಂಕರರ ಹಸುವಿಗೂ ನಡುವೆ ಮೂರನೆಯ ದಾರಿಯೊಂದು ಡಾರ್ವಿನ್ನನ ಕಾಲದವರೆಗೆ ಯಾರಿಗೂ ಸ್ಪಷ್ಟವಾಗಿ ಕಂಡಿರಲಿಲ್ಲ. ಹಾಲು ಕರುವಿಗಾಗಿಯೇ ಇದೆ, ಹಾಗೆ ಇರಲೆಂದು ಯಾರೂ ಅಂದುಕೊಂಡಿರಬೇಕಾಗಿಲ್ಲ. ಹಾಲೂಡಿದ ತಾಯಂದಿರ ಮರಿಗಳು ಹೆಚ್ಚು ಬದುಕಿದವು; ಬದುಕಿದವುಗಳಲ್ಲಿ ಹಾಲೂಡುವ ಗುಣ ಉಳಿಯಿತು. ಇದೇ ನೈಸರ್ಗಿಕ ಆಯ್ಕೆ. ಇವತ್ತಿನ ಹಾಲು ಇರುವುದಕ್ಕೆ ಕಾರಣ ನಿನ್ನೆಯ ಹಾಲು ಮಾಡಿದ ಕೆಲಸ. ಫಲವೇ ತನ್ನ ಕಾರಣದ ಜಾಗದಲ್ಲಿ ಬಂದು ಕೂತಂತೆ ಕಾಣುವುದು ತಲೆಮಾರುಗಳು ಸುತ್ತಿ ಬರುವುದರಿಂದ.

ಹೃದಯ ಮತ್ತು ಕವಾಟ

ಅಂಗದ ‘ಕೆಲಸ’ ಎಂದರೇನು ಎಂಬುದನ್ನು ತತ್ತ್ವಶಾಸ್ತ್ರಜ್ಞರು ಹೃದಯದ ಉದಾಹರಣೆಯಿಂದಲೇ ಚರ್ಚಿಸಿದ್ದಾರೆ. ಹೃದಯ ರಕ್ತವನ್ನು ತಳ್ಳುತ್ತದೆ, ಲಬ್‌ಡಬ್ ಎಂದು ಸದ್ದನ್ನೂ ಮಾಡುತ್ತದೆ. ಮೊದಲನೆಯದು ಅದರ ಕೆಲಸ, ಎರಡನೆಯದು ಅಲ್ಲ. ಯಾಕೆ? ಕಾರ್ಲ್ ಹೆಂಪೆಲ್ 1959ರಲ್ಲಿ ಈ ತೊಡಕನ್ನು ಚರ್ಚೆಗೆ ತಂದ. ಲ್ಯಾರಿ ರೈಟ್ 1973ರಲ್ಲಿ ಕೊಟ್ಟ ಉತ್ತರ: ಯಾವ ಪರಿಣಾಮದಿಂದಾಗಿ ಆ ಅಂಗ ಇವತ್ತು ಅಲ್ಲಿದೆಯೋ ಅದೇ ಅದರ ಕೆಲಸ. ರಾಬರ್ಟ್ ಕಮಿನ್ಸ್ 1975ರಲ್ಲಿ ಇತಿಹಾಸವನ್ನು ಬದಿಗಿಟ್ಟು, ಇಡೀ ದೇಹದ ಸಾಮರ್ಥ್ಯಕ್ಕೆ ಆ ಅಂಗ ಈಗ ಏನು ಕೊಡುತ್ತಿದೆ ಎಂಬುದೇ ಕೆಲಸ ಎಂದ. ವೈದ್ಯರಿಗೆ ಕಮಿನ್ಸ್ ಸಾಕು. ಜೀವವಿಕಾಸವನ್ನು ವಿವರಿಸುವವರಿಗೆ ರೈಟ್ ಬೇಕು.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತಯಾರಾದ ಕೃತಕ ಕವಾಟ ಈ ವ್ಯತ್ಯಾಸವನ್ನು ಅಂಗೈ ಮೇಲೆ ಇಟ್ಟು ತೋರಿಸುತ್ತದೆ. ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್ ನೇತೃತ್ವದಲ್ಲಿ, ಪೂಜಪ್ಪುರದ ಸ್ಯಾಟಲ್ಮಂಡ್ ಅರಮನೆಯಲ್ಲಿ ನೆಲೆಗೊಂಡ ಸಂಸ್ಥೆಯ ತಂತ್ರಜ್ಞಾನ ವಿಭಾಗದಲ್ಲಿ ವರ್ಷಗಟ್ಟಲೆ ಆ ಕೆಲಸ ನಡೆಯಿತು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನಲ್ಲಿ ಗಟ್ಟಿ ಪಾಲಿಥಿಲೀನಿನ ಬಿಲ್ಲೆ ಓರೆಯಾಗಿ ತೆರೆದು ಮುಚ್ಚುವ ನಾಲ್ಕನೆಯ ಮಾದರಿ ಗೆದ್ದಿತು. ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರ ಹೃದಯದಲ್ಲಿ ಕೂರಿಸಿದ್ದು 1990ರ ಡಿಸೆಂಬರ್ 6ರಂದು. ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಕುಲಪತಿಯಾದರು.

ಈ ಕವಾಟದ ವಿಷಯದಲ್ಲಿ ‘ಎಂದು’ ಪೂರ್ತಿ ಸಲ್ಲುತ್ತದೆ. ರಕ್ತ ಹಿಂದಕ್ಕೆ ಹರಿಯದಿರಲೆಂದು ಮನುಷ್ಯರು ಅದನ್ನು ಮಾಡಿದರು. ಗುರಿ ಮೊದಲು ಬಂತು, ವಸ್ತು ಆಮೇಲೆ. ಒಂದು ಲೋಹ ಒಗ್ಗದಿದ್ದಾಗ ಅದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಸ್ವಾತಂತ್ರ್ಯ ಅವರಿಗಿತ್ತು. ಸೋತ ಮಾದರಿಯನ್ನು ಮೇಜಿನ ಮೇಲಿಟ್ಟು ಮೊದಲಿನಿಂದ ಶುರು ಮಾಡಬಹುದಿತ್ತು. ಹುಟ್ಟಿನಿಂದ ಬಂದ ಕವಾಟಕ್ಕೆ ಅಂಥ ಮೇಜಿಲ್ಲ. ನೈಸರ್ಗಿಕ ಆಯ್ಕೆ ಯಾವ ತಲೆಮಾರಿನಲ್ಲೂ ಕೆಲಸ ನಿಲ್ಲಿಸಿ ಮತ್ತೆ ಶುರು ಮಾಡಲಾರದು. ಮೀನಿನ ಎರಡು ಕೋಣೆಯ ಹೃದಯದಿಂದ ನಮ್ಮ ನಾಲ್ಕು ಕೋಣೆಯ ಹೃದಯದವರೆಗೆ, ನಡುವಿನ ಪ್ರತಿಯೊಂದು ಹೃದಯವೂ ಬಡಿಯುತ್ತಲೇ ಇರಬೇಕಿತ್ತು.

ಮುಂದಾಲೋಚನೆ ಇಲ್ಲದ್ದರ ಗುರುತು ಹೃದಯದ ಪಕ್ಕದಲ್ಲೇ ಇದೆ. ಧ್ವನಿಪೆಟ್ಟಿಗೆಗೆ ಹೋಗುವ ಎಡಭಾಗದ ನರ ಮೆದುಳಿನಿಂದ ನೇರವಾಗಿ ಕುತ್ತಿಗೆಗೆ ಹೋಗದೆ ಎದೆಗೂಡಿಗೆ ಇಳಿದು, ಮಹಾಧಮನಿಯ ಕಮಾನಿನ ಕೆಳಗೆ ಸುತ್ತಿ, ಮತ್ತೆ ಮೇಲಕ್ಕೆ ಏರುತ್ತದೆ. ಮೀನಿನ ದೇಹದಲ್ಲಿ ಅದು ಕಿವಿರಿನ ಹತ್ತಿರದ ಸಣ್ಣ ದಾರಿಯಾಗಿತ್ತು. ಕುತ್ತಿಗೆ ಬೆಳೆದು ಹೃದಯ ಕೆಳಗೆ ಸರಿದಾಗ ನರ ರಕ್ತನಾಳಕ್ಕೆ ಸಿಕ್ಕಿಕೊಂಡು ಉದ್ದವಾಗುತ್ತ ಹೋಯಿತು. ಮಕ್ಕಳ ಹೃದಯದ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಈ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ, ಹಾಗಾಗಿ ಶಸ್ತ್ರವೈದ್ಯರು ಅದನ್ನು ಹುಡುಕಿ ಕಾಪಾಡಬೇಕಾಗುತ್ತದೆ. ಯೋಚಿಸಿ ಮಾಡಿದವರು ಯಾರೂ ಹೀಗೆ ತಂತಿ ಎಳೆಯುತ್ತಿರಲಿಲ್ಲ.

ಬಾವಿಯ ಕತ್ತಲು, ಇರುಳ ಕತ್ತಲು

ಜೀವವಿಕಾಸ ಎಲ್ಲಿಗೋ ಹೊರಟಿದೆ, ಸರಳದಿಂದ ಸಂಕೀರ್ಣಕ್ಕೆ, ಕೆಳಗಿನಿಂದ ಮೇಲಕ್ಕೆ ಏರುತ್ತಿದೆ ಎಂಬ ನಂಬಿಕೆ ಬಹಳ ಗಟ್ಟಿಯಾದದ್ದು. ಕೇರಳದ ಬಾವಿ ನೀರಿನಲ್ಲಿ ಅದಕ್ಕೆ ಉತ್ತರವಿದೆ.

ಮುರಕಲ್ಲಿನ ನೆಲದೊಳಗೆ ನೀರು ತುಂಬಿದ ಸಂದುಗಳಲ್ಲಿ ಹೊರಾಗ್ಲಾನಿಸ್ ಎಂಬ ಕುಲದ ಮೀನುಗಳಿವೆ. ಈ ಕುಲ ಕೇರಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಕೆಲವೇ ಸೆಂಟಿಮೀಟರ್ ಉದ್ದ, ಕಣ್ಣಿಲ್ಲ, ಚರ್ಮಕ್ಕೆ ಬಣ್ಣವಿಲ್ಲದೆ ಒಳಗಿನ ರಕ್ತ ಕಂಡು ಮೈ ಕೆಂಪಾಗಿರುತ್ತದೆ. ಕೊಟ್ಟಾಯಂನ ಬಾವಿಯ ಮೀನನ್ನು 1950ರಲ್ಲಿ ಮೆನನ್ ವರ್ಣಿಸಿ, ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರ ಹೆಸರನ್ನು ಕುಲಕ್ಕೆ ಇಟ್ಟರು. ಬಾವಿ ತೋಡುವಾಗ, ಬಾವಿ ಶುಚಿ ಮಾಡುವಾಗ, ಪಂಪಿನಿಂದ ಟ್ಯಾಂಕಿಗೆ ನೀರು ಏರಿಸುವಾಗ ಮಾತ್ರ ಇವು ಮನುಷ್ಯರ ಕಣ್ಣಿಗೆ ಬೀಳುವುದು. ಕೊಚ್ಚಿಯ ಪನಂಗಾಡಿನಲ್ಲಿರುವ ಕೇರಳ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದ ರಾಜೀವ್ ರಾಘವನ್ ಮತ್ತು ಸಂಗಡಿಗರು ಊರೂರಿನ ಜನರ ನೆರವಿನಿಂದ ಇವನ್ನು ಕಲೆಹಾಕಿದರು. 2023ರಲ್ಲಿ ಪ್ರಕಟವಾದ ಹೊಸ ಜಾತಿಗೆ, ಆ ಜನರ ಗೌರವಾರ್ಥ, ‘ಜನರದು’ ಎಂಬ ಅರ್ಥದ ‘ಪಾಪ್ಯುಲೈ’ ಎಂದು ಹೆಸರಿಟ್ಟರು. ಈ ಜಾತಿಗಳು ಹೊರನೋಟಕ್ಕೆ ಒಂದೇ ಥರ ಕಾಣುತ್ತವೆ. ಡಿಎನ್‌ಎಯಲ್ಲಿ ಮಾತ್ರ ಬಹಳ ದೂರ ಸರಿದಿವೆ.

‘ಕತ್ತಲಿಗೆ ಒಗ್ಗಿಕೊಳ್ಳಲೆಂದು ಮೀನು ಕಣ್ಣು ಕಳೆದುಕೊಂಡಿತು’ ಎಂಬ ವಾಕ್ಯ ಪಾಠಪುಸ್ತಕದಲ್ಲಿ ಸಲೀಸಾಗಿ ಬಂದುಬಿಡುತ್ತದೆ. ಅದು ತಪ್ಪು. ಬೆಳಕಿನಲ್ಲಿ ಬದುಕುವ ಮೀನಿನ ಕಣ್ಣಿಗೆ ಸಂಬಂಧಿಸಿದ ಜೀನುಗಳಲ್ಲಿ ದೋಷ ಹುಟ್ಟಿದರೆ ಆ ಮೀನು ಉಳಿಯುವುದಿಲ್ಲ, ದೋಷವೂ ಅಳಿಯುತ್ತದೆ. ಬೆಳಕೇ ಇಲ್ಲದ ಕಡೆ ದೋಷವನ್ನು ಅಳಿಸುವವರಿಲ್ಲ. ಅದು ಕೂಡಿಬೀಳುತ್ತ ಹೋಗುತ್ತದೆ. ಕಣ್ಣು ಮತ್ತು ಅದಕ್ಕೆ ಬೇಕಾದ ಮೆದುಳಿನ ಭಾಗ ಬಹಳ ಶಕ್ತಿಯನ್ನು ತಿನ್ನುವುದರಿಂದ, ಆಹಾರ ವಿರಳವಾದ ಕಡೆ ಅದಿಲ್ಲದವರಿಗೆ ಉಳಿತಾಯವೂ ಆದೀತು. ಮೆಕ್ಸಿಕೊದ ಗುಹಾಮೀನಿನಲ್ಲಿ ಇನ್ನೊಂದು ಕಾರಣ ಕಂಡುಬಂದಿದೆ: ಬಾಯಿ ಮತ್ತು ರುಚಿಮೊಗ್ಗುಗಳನ್ನು ಹೆಚ್ಚಿಸುವ ಜೀನಿನ ಚಟುವಟಿಕೆಯೇ ಭ್ರೂಣದಲ್ಲಿ ಮೂಡಲು ಹೊರಟ ಕಣ್ಣನ್ನು ಬಾಡಿಸುತ್ತದೆ. ಈ ಯಾವ ಕಾರಣದಲ್ಲೂ ಕುರುಡುತನ ಗುರಿಯಾಗಿರಲಿಲ್ಲ.

ಗುರಿವಾದಿಯೊಬ್ಬ ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಬಹುದು. ಕೇರಳದ ಅಂತರ್ಜಲದಲ್ಲಿ ಹೊರಾಗ್ಲಾನಿಸ್ ಒಂದೇ ಅಲ್ಲ; ಹಾವಿನಂಥ ಪಾಂಜಿಯೊ ಮೀನುಗಳಿವೆ, ಕೆಸರಿನ ಹಾವುಮೀನಿನ ನಂಟರಿದ್ದಾರೆ. ಬೇರೆ ಬೇರೆ ಮನೆತನಗಳು ಕಣ್ಣು ಕಿರಿದಾದ, ಮೈ ಸಪೂರವಾದ ಒಂದೇ ರೂಪದ ಕಡೆ ಸಾಗಿರುವುದು ಗುರಿಯ ಲಕ್ಷಣವಲ್ಲವೇ? ಇದಕ್ಕೆ ಉತ್ತರವನ್ನು ಇರುಳಿನಲ್ಲಿ ಹುಡುಕಬಹುದು. ತಿರುವನಂತಪುರದ ಐಸರ್ ಸಂಸ್ಥೆಯ ಹೇಮಾ ಸೋಮನಾಥನ್ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಅಧ್ಯಯನ ಮಾಡಿದ ಬಡಗಿದುಂಬಿ, ಜೈಲೊಕೋಪ ಟ್ರಾಂಕೆಬಾರಿಕ, ಚಂದ್ರನಿಲ್ಲದ ರಾತ್ರಿಯಲ್ಲೂ ನಕ್ಷತ್ರದ ಬೆಳಕಿನಲ್ಲಿ ಹಾರಿ ಹೂವು ಹುಡುಕಿ, ಮರದಲ್ಲಿ ಕೊರೆದ ತನ್ನ ತೂತಿಗೆ ಮರಳುತ್ತದೆ. ಅದರ ಕಣ್ಣಿನ ಬಿಲ್ಲೆಗಳು ದೊಡ್ಡವು, ನೆತ್ತಿಯ ಒಂಟಿಗಣ್ಣುಗಳೂ ದೊಡ್ಡವು. ಬಾವಿಯ ಕತ್ತಲು ಕಣ್ಣನ್ನು ಅಳಿಸಿತು, ಇರುಳ ಕತ್ತಲು ಕಣ್ಣನ್ನು ಹಿಗ್ಗಿಸಿತು. ಕತ್ತಲಿಗೊಂದು ಗುರಿ ಇದ್ದಿದ್ದರೆ ಎರಡೂ ಕಡೆ ಒಂದೇ ಆಗಬೇಕಿತ್ತು. ಇರುಳಿನಲ್ಲಿ ಒಂದಿಷ್ಟು ಬೆಳಕಿತ್ತು, ಬಾವಿಯಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಒಂದೇ ಇಕ್ಕಟ್ಟಿನಲ್ಲಿ ಸಿಕ್ಕವು ಒಂದೇ ಥರ ಆಗುವುದು ಇಕ್ಕಟ್ಟಿನ ಗುಣ.

ಅಮೆರಿಕದಲ್ಲಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಒಂದೇ ಬ್ಯಾಕ್ಟೀರಿಯಾದಿಂದ ಶುರು ಮಾಡಿದ 12 ಬಳಗಗಳ ಪ್ರಯೋಗ ಇದನ್ನೂ ಹೇಳುತ್ತದೆ, ಇದರ ಮಿತಿಯನ್ನೂ ಹೇಳುತ್ತದೆ. ಹಲವು ವಿಷಯಗಳಲ್ಲಿ 12 ಬಳಗಗಳೂ ಒಂದೇ ಥರ ಬದಲಾದವು. ಆಮ್ಲಜನಕವಿರುವಾಗಲೇ ಸಿಟ್ರೇಟನ್ನು ಉಣ್ಣುವ ಶಕ್ತಿ ಮಾತ್ರ 30,000 ತಲೆಮಾರುಗಳು ಕಳೆದ ಮೇಲೆ ಒಂದೇ ಒಂದರಲ್ಲಿ ಕಾಣಿಸಿಕೊಂಡಿತು.

ಯಾರಿಗಾಗಿ?

ಇಮಾನ್ಯುಯೆಲ್ ಕಾಂಟ್ 1790ರಲ್ಲಿ ಹೊರಗಿನ ಉದ್ದೇಶ, ಒಳಗಿನ ಉದ್ದೇಶ ಎಂದು ಎರಡನ್ನು ಬೇರ್ಪಡಿಸಿದ. ಒಂದು ವಸ್ತು ಇನ್ನೊಬ್ಬರಿಗೆ ಉಪಯೋಗವಾಗುವುದು ಹೊರಗಿನದು. ಭಾಗಗಳು ಪರಸ್ಪರ ಒಂದನ್ನೊಂದು ಉಳಿಸುತ್ತ ಇಡಿಯನ್ನು ಉಳಿಸುವುದು ಒಳಗಿನದು, ಅದು ಜೀವಿಗಳಲ್ಲಿ ಮಾತ್ರ ಕಾಣುತ್ತದೆ. ಕೊಚ್ಚಿಯಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಕೂಡಿಸಿದ ಸಸ್ಯಗ್ರಂಥ ‘ಹೋರ್ಟಸ್ ಮಲಬಾರಿಕಸ್’ (ಆಮ್‌ಸ್ಟರ್‌ಡ್ಯಾಂ, 1678–1693, 12 ಸಂಪುಟಗಳು) ಹೊರಗಿನ ಉದ್ದೇಶದ ದೊಡ್ಡ ಭಂಡಾರ. ಇಟ್ಟಿ ಅಚ್ಯುತನ್ ಎಂಬ ವೈದ್ಯರೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಹೇಳಿದ ಔಷಧಿಯ ಗುಣಗಳು ಅದರಲ್ಲಿವೆ. ಆದರೆ ಬೇರಿನ ಕಹಿ ನಮ್ಮ ಜ್ವರಕ್ಕೆಂದು ಹುಟ್ಟಿದ್ದಲ್ಲ, ಗಿಡ ತನ್ನನ್ನು ತಿನ್ನುವ ಹುಳುಗಳಿಂದ ಉಳಿದ ಬಗೆ ಅದು. ತೆಂಗಿನ ನಾರು ಹಗ್ಗಕ್ಕೆಂದು ಬಂದದ್ದಲ್ಲ. ಕಡಲಲ್ಲಿ ತೇಲಿ ಇನ್ನೊಂದು ದಡ ಸೇರಿದ ಕಾಯಿಗಳ ಸಂತಾನದ ಗುರುತು. ಮನುಷ್ಯ ಆರಿಸಿ ಬೆಳೆಸಿದ ತಳಿಗಳಲ್ಲಿ ಕಾಯಿ ಗುಂಡಾಗಿ ನಾರು ಕಡಿಮೆಯಾಗಿ ನೀರು ಹೆಚ್ಚಾಗಿರುವುದು ಬೇರೆ ಕಥೆ. ಅಲ್ಲಿ ಆರಿಸಿದವನಿಗೆ ಮನಸ್ಸಿತ್ತು.

ಜೀವಿಯ ಸ್ವಂತ ಗುರಿ

ಜೀವವಿಕಾಸಕ್ಕೆ ಗುರಿಯಿಲ್ಲ ಎಂದ ಮಾತ್ರಕ್ಕೆ ಜೀವಿಗೂ ಇಲ್ಲ ಎಂದಾಗುವುದಿಲ್ಲ. ಇಪ್ಪತ್ತನೆಯ ಶತಮಾನದ ಜೀವಶಾಸ್ತ್ರ ದೇವರ ಯೋಜನೆ ಹಿಂಬಾಗಿಲಿಂದ ನುಗ್ಗೀತು ಎಂಬ ಹೆದರಿಕೆಯಿಂದ ‘ಗುರಿ’ ಎಂಬ ಮಾತನ್ನೇ ದೂರವಿಟ್ಟಿತ್ತು. ಕಾಲಿನ್ ಪಿಟೆಂಡ್ರಿ 1958ರಲ್ಲಿ ‘ಟೆಲಿಯೊನಮಿ’ ಎಂಬ ಹೊಸ ಪದವನ್ನೇ ಕಟ್ಟಿದ. ಅರ್ನ್ಸ್ಟ್ ಮೈರ್ 1961ರಲ್ಲಿ ಹತ್ತಿರದ ಕಾರಣ ಮತ್ತು ಮೂಲ ಕಾರಣ ಎಂಬ ವಿಭಾಗ ಮಾಡಿ, ಜೀವಿಯ ಗುರಿಯನ್ನು ಡಿಎನ್‌ಎಯಲ್ಲಿ ಬರೆದಿಟ್ಟ ಕಾರ್ಯಕ್ರಮ ಎಂದು ವಿವರಿಸಿದ. ಕಂಪ್ಯೂಟರಿನಿಂದ ತಂದ ಆ ರೂಪಕ ಉಪಯೋಗಕ್ಕೆ ಬಂತು ನಿಜ. ಆದರೆ ಅದು ಜೀವಿಯನ್ನು ಆಜ್ಞೆ ಪಾಲಿಸುವ ಯಂತ್ರವಾಗಿ ಕಾಣಿಸಿತು.

ವೆಂಬನಾಡ್ ಹಿನ್ನೀರಿನ ಕರಿಮೀನನ್ನು ನೋಡಿದವರಿಗೆ ಆ ಚಿತ್ರ ಸಾಲದು ಅನ್ನಿಸುತ್ತದೆ. ನೀರೊಳಗಿನ ಕಲ್ಲಿಗೋ ಕಾಂಡಕ್ಕೋ ಮೊಟ್ಟೆ ಅಂಟಿಸಿ ಗಂಡು ಹೆಣ್ಣು ಎರಡೂ ಕಾಯುತ್ತವೆ, ಈಜುರೆಕ್ಕೆಯಿಂದ ನೀರು ಬೀಸುತ್ತವೆ, ಹತ್ತಿರ ಬಂದವರನ್ನು ಅಟ್ಟುತ್ತವೆ. ತಡೆ ಬಂದರೆ ದಾರಿ ಬದಲಿಸಿ ಅದೇ ಕೊನೆಗೆ ಮರಳುವುದು, ಸಾಧಿಸಿದ ಮೇಲೆ ನಿಲ್ಲಿಸುವುದು ಗುರಿಯ ಲಕ್ಷಣ. ಗುರಿ ತಪ್ಪಲು ಸಾಧ್ಯವಿರುವುದು ಇನ್ನೊಂದು ಲಕ್ಷಣ. ಕಾಗೆ ತನ್ನ ಗೂಡಿನಲ್ಲಿ ಬಾಯ್ತೆರೆದ ಕೋಗಿಲೆಯ ಮರಿಗೆ ತುತ್ತು ಕೊಡುತ್ತದೆ. ಅದಕ್ಕೇ ನಮ್ಮ ಕವಿಗಳು ಕೋಗಿಲೆಯನ್ನು ಪರಭೃತ ಎಂದರು. ಕಾಗೆ ತಪ್ಪಿತು ಎನ್ನುವುದು ಅರ್ಥವುಳ್ಳ ಮಾತು. ಗುಡ್ಡದಿಂದ ಉರುಳುವ ಕಲ್ಲು ತಪ್ಪಲಾರದು, ಜೀವವಿಕಾಸವೂ ತಪ್ಪಲಾರದು, ಎರಡಕ್ಕೂ ಮುಟ್ಟಬೇಕಾದ ಜಾಗವಿಲ್ಲ. ಕಾಗೆಯ ಗುರಿ ತನ್ನ ಜೀನುಗಳನ್ನು ಹರಡುವುದು ಎಂದು ಬರೆಯುವವರೂ ಇದ್ದಾರೆ. ಅದು ಎರಡನೆಯ ಪ್ರಶ್ನೆಯ ಉತ್ತರವನ್ನು ಮೊದಲನೆಯದಕ್ಕೆ ಅಂಟಿಸಿದಂತೆ. ಕಾಗೆಗೆ ಬೇಕಿರುವುದು ಆ ತೆರೆದ ಬಾಯಿ ತುಂಬುವುದು.

ಹುಂಬೆರ್ಟೊ ಮಾತುರಾನಾ ಮತ್ತು ಫ್ರಾನ್ಸಿಸ್ಕೊ ವರೇಲಾ ಜೀವಿಯನ್ನು ತನ್ನನ್ನು ತಾನೇ ಸದಾ ಕಟ್ಟಿಕೊಳ್ಳುವ ವ್ಯವಸ್ಥೆ ಎಂದು 1970ರ ದಶಕದಲ್ಲಿ ವಿವರಿಸಿದರು. ಡೆನಿಸ್ ವಾಲ್ಶ್ 2015ರಲ್ಲಿ, ಜೀವಿಗಳು ಕರ್ತೃಗಳೆಂದು ಒಪ್ಪದೆ ಜೀವವಿಕಾಸವನ್ನೇ ವಿವರಿಸಲಾಗದು ಎಂದು ವಾದಿಸಿದ. ಗುರಿಯುಳ್ಳ ಜೀವಿಗಳ ನಡವಳಿಕೆಯಿಂದಲೇ ಗುರಿಯಿಲ್ಲದ ವಿಕಾಸ ನಡೆಯುತ್ತದೆ ಎಂಬಷ್ಟರ ಮಟ್ಟಿಗೆ ಈ ವಾದವನ್ನು ಒಪ್ಪಬಹುದು.

ಇದಕ್ಕೆ ಮೀನುಗಾರಿಕೆಯಲ್ಲೇ ನಿದರ್ಶನವಿದೆ. ಬಲೆ ಬೀಸುವ ಬೆಸ್ತರಿಗಿಂತ ಸ್ಪಷ್ಟ ಗುರಿಯಿರುವವರು ಕಡಿಮೆ. ದೊಡ್ಡ ಮೀನು ಬೇಕು, ಸಣ್ಣದು ಕಣ್ಣಿಯಲ್ಲಿ ನುಸುಳಿ ಹೋಗಲಿ. ವರ್ಷಗಟ್ಟಲೆ ಹೀಗೆ ನಡೆದರೆ ಚಿಕ್ಕ ಗಾತ್ರದಲ್ಲೇ ಮೊಟ್ಟೆಯಿಡುವ ಮೀನುಗಳ ಸಂತಾನ ಹೆಚ್ಚುತ್ತದೆ. ಉತ್ತರ ಅಟ್ಲಾಂಟಿಕದಲ್ಲಿ ಕೆನಡಾ ಕರಾವಳಿಯ ಕಾಡ್ ಮೀನಿನಲ್ಲಿ, 1992ರಲ್ಲಿ ಅದರ ಬೇಟೆಯನ್ನೇ ನಿಲ್ಲಿಸುವ ಮುನ್ನ, ಈ ಬದಲಾವಣೆ ಕಾಣಿಸಿತ್ತು. ಯಾವ ಬೆಸ್ತನೂ ಅದನ್ನು ಬಯಸಿರಲಿಲ್ಲ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಕೇರಳ 2015ರಲ್ಲಿ 14 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ಗೊತ್ತುಮಾಡಿತು. ನಮ್ಮ ಕರಾವಳಿಯವರು ಬೂತಾಯಿ ಎನ್ನುವ ಮತ್ತಿಗೆ ಅದು 10 ಸೆಂ.ಮೀ. ಒಮ್ಮೆಯಾದರೂ ಮೊಟ್ಟೆಯಿಟ್ಟ ಮೇಲೆ ಮೀನು ಬಲೆಗೆ ಬೀಳಲಿ ಎಂಬುದು ನಿಯಮ ಮಾಡಿದವರ ಉದ್ದೇಶ. ದೊಡ್ಡದನ್ನೇ ಆಯುವ ಒತ್ತಡ ಮಾತ್ರ ಆ ನಿಯಮದೊಳಗೂ ಹಾಗೇ ಉಳಿದಿದೆ.